ಎರಡು ಹೋಳು ನಿಂಬೆ

ಖಲಂದರನ ಲೂನಾ ಬಂದರೆ
ನಮ್ಮ ಓಣಿಯ ನಾಯಿಗಳು ಬೊಗಳುವುದಿಲ್ಲ.
ಭಾನುವಾರ, ಐದರ ಕತ್ತಲು,
ಹಾರ್ನಿಲ್ಲ, ಕೂಗಿಲ್ಲ, ಬರೀ ಒಂದು ಕೆಮ್ಮು.
ಆ ಹೊತ್ತಿನಲ್ಲಿ ಅದೇ ನನ್ನ ಹೆಸರು.

ರಾತ್ರಿಯೆಲ್ಲ ಮಂಡಕ್ಕಿ ಭಟ್ಟಿಯಲ್ಲಿ
ಕಾದ ಮರಳು ಮಗುಚಿ ಬಂದವನು ಅವನು,
ರೆಪ್ಪೆಯ ಮೇಲೆ ಇನ್ನೂ ಹೊಟ್ಟಿನ ಬೂದಿ.
ಆರು ದಿನ ಸಹಕಾರಿ ಬ್ಯಾಂಕಿನ ಕ್ಯಾಷು ಎಣಿಸಿ
ಏಳನೆಯ ದಿನಕ್ಕೆ ಬೆರಳಷ್ಟೇ ಉಳಿದವನು ನಾನು.
ನಡುವೆ ಎರಡು ಬಿದಿರು ಕೋಲು, ಎರೆಹುಳದ ಡಬ್ಬಿ,
ದಾವಣಗೆರೆ ಹಿಂದೆ, ಕೊಂಡಜ್ಜಿಯ ಗುಡ್ಡ ಮುಂದೆ.

ಕೆರೆ ಇನ್ನೂ ಎದ್ದಿರುವುದಿಲ್ಲ.
ಕೂತು, ಜೋಳದ ದಂಟು ಸಿಗಿದು
ಬೆಂಡು ಕಟ್ಟುತ್ತಾನೆ ಖಲಂದರ.
ಅಂಗಡಿಯ ಪ್ಲಾಸ್ಟಿಕ್ಕು ಗಾಳಿಗೂ ತಲೆದೂಗುತ್ತದಂತೆ.
"ದಂಟು ಹಂಗಲ್ಲಪಾ,
ಮೀನು ಹೇಳಿದ್ದಷ್ಟ ಹೇಳ್ತೈತಿ."

ಹುಳ ಪೋಣಿಸುವಾಗ ಈಗಲೂ
ನಾನು ಗುಡ್ಡದ ಕಡೆ ನೋಡುತ್ತೇನೆ.
ಕೊರಳ ಕರಡಿಗೆಯನ್ನು
ಅಂಗಿಯೊಳಗೇ ಬೆನ್ನಿಗೆ ಸರಿಸಿಕೊಂಡಿರುತ್ತೇನೆ,
ಶಿವ ಹಿಂದಿನ ಸೀಟಿನಲ್ಲಿ ಕೂತ ಹಾಗೆ.
ಇಪ್ಪತ್ತೆರಡು ವರ್ಷ. ಒಂದು ಮೀನೂ ತಿಂದವನಲ್ಲ.
ಹಂಗಾದ್ರ ಯಾಕ ಬರ್ತೀಯೋ ಎಂದು
ಅವನು ಒಮ್ಮೆಯೂ ಕೇಳಿಲ್ಲ.
ಕೇಳಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ.

ಜಿಲೇಬಿ ಬಿದ್ದರೆ ಅವನ ಚೀಲಕ್ಕೆ.
ಕೊರಮೀನು ಬಿದ್ದರೆ ಮಾತ್ರ
ಗಾಳ ಬಿಡಿಸಿ ನೀರಿಗೇ ಕೊಡುತ್ತೇನೆ.
ಒಮ್ಮೆ ಹುಲ್ಲಿನಂಚಿನಲ್ಲಿ ಕಂಡಿದ್ದೆ,
ಕೆಂಪು ಮರಿಗಳ ಮೋಡವೊಂದು ಕುದಿಯುತ್ತ ಸಾಗಿತ್ತು,
ಅದರಡಿಯಲ್ಲಿ ಕಪ್ಪಗೆ, ರೆಪ್ಪೆಯಿಲ್ಲದೆ, ಕಾವಲು.
ಖಲಂದರ ಮುಖ ತಿರುವಿ ಬೀಡಿ ಹಚ್ಚುತ್ತಾನೆ.
"ಕಿಲೋಗೆ ನಾನೂರು. ಈ ವರ್ಷ ಹನ್ನೊಂದು ಬಿಟ್ಟಿ."
ಕ್ಯಾಷಿಯರು ನಾನು, ಲೆಕ್ಕ ಇಡುವವನು ಅವನು.

ಟೆಂಡರು ಹಿಡಿದವರ ಕಾವಲುಗಾರ ಹಾಲೇಶಿ ಬರುತ್ತಾನೆ,
ಗದರುತ್ತಾನೆ, ಕೂರುತ್ತಾನೆ,
ಒಂದು ಬೊಗಸೆ ಮಂಡಕ್ಕಿ ತಿಂದು ಹೋಗುತ್ತಾನೆ.
ಆಮೇಲೆ ಮತ್ತೆ ಮಾತಿಲ್ಲ.
ಮಾತಿಲ್ಲದಿರುವುದನ್ನು ಇಬ್ಬರು ಸೇರಿ ಮಾಡಬೇಕು,
ಒಬ್ಬನಿಂದಾಗುವುದು ಬರೀ ಸುಮ್ಮನಿರುವುದು.

ಹೋದ ಶ್ರಾವಣದಲ್ಲಿ ಒಂದು ದಿನ
ಯಾರಿಗೋ ಏನೋ ಥಟ್ಟನೆ ನೆನಪಾದ ಹಾಗೆ
ಬೆಂಡು ಒಳಗೆ ಹೋಯಿತು.
ಕೋಲು ಬಾಗಿ ನೀರು ಮುಟ್ಟಿತು, ದಾರ ನನ್ನ ಬೆರಳು ಕೊಯ್ದಿತು,
"ಬಿಡಬ್ಯಾಡ! ಬಿಡಲೇ! ಬಿಡಬ್ಯಾಡಲೇ!"
ಇಬ್ಬರೂ ಸೊಂಟದವರೆಗೆ ಕೆರೆಯಲ್ಲಿ,
ಐವತ್ತು ದಾಟಿದ ಎರಡು ಎಮ್ಮೆಗಳು.
ಒಂದೇ ಒಂದು ಸಲ ಮೇಲೆ ಬಂತು ಆ ಬಾಳೆಮೀನು,
ಅಗಲ ಬಾಯಿ, ಉದ್ದ ಮೀಸೆ,
ಸಾಲದ ಅರ್ಜಿ ವಾಪಸು ಕಳಿಸುವ ಮ್ಯಾನೇಜರನ ನೋಟ,
ದಾರ ಹರಿಯಿತು.
ಖಲಂದರನ ಒಂದು ಚಪ್ಪಲಿ ನಡುಕೆರೆಯತ್ತ ತೇಲಿ ಹೋಯಿತು.
ಇನ್ನೊಂದನ್ನು ಹಾಕಿಕೊಂಡೇ
ಊರ ತನಕ ನಗುತ್ತ ಗಾಡಿ ಓಡಿಸಿದ.

ಮನೆಗೆ ಹೇಳಿರುವುದು ವಾಕಿಂಗು ಎಂದು.
ಸಕ್ಕರೆ ಕಾಯಿಲೆಯ ಮೇಲೆ ಹಾಕಿದ ಸುಳ್ಳು.
ವಾಪಸು ಬರುವಾಗ ಕೈಗೆ ಕೆರೆಯ ಮಣ್ಣು, ಬೇವಿನ ಸೊಪ್ಪು,
ಚಹಾದಂಗಡಿಯ ಸವೆದ ಲೈಫ್‌ಬಾಯ್.
ನಾಗವೇಣಿ ಬಾಗಿಲು ತೆಗೆದು ಬೆರಳು ನೋಡಿದಳು ಅವತ್ತು,
ಅರಿಶಿನ ಒತ್ತಿದಳು,
ವಾಕಿಂಗಿನಲ್ಲಿ ಬೆರಳು ಹೇಗೆ ಕೊಯ್ಯಿತೆಂದು ಕೇಳಲಿಲ್ಲ.

ಈ ಭಾನುವಾರ ಬುತ್ತಿ ಬಿಚ್ಚಿದೆ.
ಎಣಿಸುವ ಚಟ ನನಗೆ. ಎಂಟು ರೊಟ್ಟಿ.
ನಾನು ತಿನ್ನುವುದು ನಾಲ್ಕು.
ಶೇಂಗಾ ಚಟ್ನಿಯ ಪಕ್ಕ, ಹಾಳೆಯಲ್ಲಿ ಸುತ್ತಿ,
ಕೊಯ್ದಿಟ್ಟ ನಿಂಬೆಹಣ್ಣು, ಎರಡು ಹೋಳು.
ಇಬ್ಬರ ಕೈಗೂ.

ಖಲಂದರ ನಿಂಬೆಯನ್ನು ನೋಡಿದ,
ನನ್ನನ್ನು ನೋಡಿದ.
ಬೀಡಿ ಹಚ್ಚಲಿಲ್ಲ.

ಬಂಡೆಯ ಮೇಲೆ ಹೋಳುಗಳಿಗೆ ಬಿಸಿಲು ಬಿತ್ತು.
ಅಷ್ಟರಲ್ಲಿ ಬೆಂಡು ಮುಳುಗಿತು.
ದಂಟಿನ ಬೆಂಡು ಸುಳ್ಳು ಹೇಳುವುದಿಲ್ಲ.
ಆದರೂ ಏಳಲಿಲ್ಲ ನಾವು,
ರೊಟ್ಟಿ ಮುರಿಯುತ್ತಿದ್ದೆವು.